ಕುರಿ ಮಾಮಾನಿಗೆ ನಾನು ಮೋಟರು ಕಲಿಸಿದ್ದು

ಮೂವತ್ತು ದಾಟಿದವರಿಗೆ ಹೊಸ ಕಸುಬು ಕಲಿಸುವ ಕಡೆ ಕೆಲಸಕ್ಕಿದ್ದರೆ ನಗುವಂಥದ್ದೊಂದು ವಾರಕ್ಕೊಮ್ಮೆಯಾದರೂ ನಡೆದೇ ನಡೆಯುತ್ತದೆ. ತೊಂದರೆ ಇಷ್ಟೇ: ನಗು ಅವತ್ತೇ ಬರುತ್ತದೆ, ನಡೆದದ್ದೇನು ಎಂದು ತಿಳಿಯಲು ಮಾತ್ರ ತಿಂಗಳುಗಳು ಬೇಕಾಗುತ್ತವೆ.

ನಮ್ಮದು ಗಡಿಯಾಚೆ, ತೆಲುಗು ಸೀಮೆಯ ಜಹೀರಾಬಾದಿನಲ್ಲಿ ಒಂದು ಟೈರ್ ಅಂಗಡಿಯ ಮೇಲಿದ್ದ ಎರಡು ಕೋಣೆಯ ತರಬೇತಿ ಕೇಂದ್ರ. ನೀರೆತ್ತುವ ಮೋಟರುಗಳ ರಿಪೇರಿ ಕಲಿಸುತ್ತಿದ್ದೆವು. ಡಿಗ್ರಿ ಬೇಕಿಲ್ಲ. ಮೂರು ತಿಂಗಳು ಕಲಿತು ಪರೀಕ್ಷೆ ಪಾಸಾದರೆ ಸರ್ಟಿಫಿಕೇಟು. ನಾನು ಅಲ್ಲಿ ಮೇಷ್ಟ್ರು. ನಾನೂ ಕಸುಬು ಬದಲಿಸಿದವನೇ. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಒಂದು ಡೇರಿಯಲ್ಲಿ ಹಾಲಿನ ಕೊಬ್ಬು ಅಳೆದೆ. ಎಂ.ಎಸ್ಸಿ. ಮಾಡು ಎಂದು ಮನೆಯಲ್ಲಿ ಹೇಳಿದರು, ಮಾಡಲಿಲ್ಲ. ಮೂರು ವಾರದ ಶಿಬಿರವೊಂದರಲ್ಲಿ ಕೂತೆದ್ದು ಇಲ್ಲಿಗೆ ಬಂದೆ. ಮೋಟರಿನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಒಂದು ನೋಟುಬುಕ್ಕಿನಲ್ಲಿತ್ತು. ಆ ನೋಟುಬುಕ್ಕು ಬಹಳ ಅಚ್ಚುಕಟ್ಟಾಗಿತ್ತು.

ಇಲ್ಲಿ ಬರೆದಿರುವುದು ಒಬ್ಬರೇ ವಿದ್ಯಾರ್ಥಿಯ ಪ್ರಸಂಗಗಳು. ಕಲ್ಹೇರ್ ಹತ್ತಿರದ ಹಳ್ಳಿಯವರು, ನಲವತ್ತರ ಆಚೆಯವರು, ಅಲ್ಲಿಯವರೆಗೆ ಕುರಿ ಕಾಯ್ದವರು. ಎಲ್ಲರೂ ಅವರನ್ನು ಕುರಿ ಮಾಮಾ ಎನ್ನುತ್ತಿದ್ದರು. ಎರಡನೇ ದಿನದಿಂದ ನಾನೂ ಹಾಗೇ ಕರೆದೆ.

೧. ಅರ್ಜಿ

ಅರ್ಜಿ ತುಂಬಿಸುವುದು ನನ್ನ ಕೆಲಸ. ಹೆಸರು, ಊರು ಆಯಿತು. ಓದು ಎಷ್ಟು ಎಂದೆ.

“ನಾಕನೇ ಇಯತ್ತೆ ತನಕ ರೀ. ಮಾಸ್ತರ ವರ್ಗಾ ಆಗಿ ಹೋದ್ರು, ನಾ ಬಿಟ್ಟೆ.”

ಮಾಸ್ತರು ಹೋದರೆ ಇನ್ನೊಬ್ಬರು ಬರುತ್ತಾರಲ್ಲ ಎಂದು ಕೇಳಿದೆ. ಮಾಸ್ತರ ಎರಡು ಆಡುಗಳನ್ನು ತಾನೇ ಮೇಯಿಸುತ್ತಿದ್ದೆ, ಮಾಸ್ತರ ಜೊತೆ ಆಡೂ ಹೋದವು, ಆಮೇಲೆ ಶಾಲೆಗೆ ಹೋಗಲು ಕಾರಣ ಉಳಿಯಲಿಲ್ಲ ಎಂದರು.

ಕಸುಬು ಬದಲಿಸಲು ಕಾರಣ ಎಂಬ ಜಾಗಕ್ಕೆ ಬಂದೆವು. ಅವರು ಮೊದಲು ಮೊಳಕಾಲು ತೋರಿಸಿದರು. ಆಮೇಲೆ ಹೇಳಿದರು: ಕುರಿ ಮೇಯುತ್ತಿದ್ದ ಬಯಲೆಲ್ಲ ಈಗ ಪ್ಲಾಟು, ಸಾಲಾಗಿ ಬಿಳಿ ಬಣ್ಣದ ಕಲ್ಲು ನೆಟ್ಟಿದ್ದಾರೆ. “ಕುರಿ ಕಲ್ಲು ತಿನ್ನಂಗಿಲ್ಲ ನೋಡ್ರಿ.” ಊರಿನ ನೀರಿನ ಟಾಕಿಯ ಪಂಪು ನಡೆಸುವ ಮುದುಕ ಕೆಲಸ ಬಿಡುವವನಿದ್ದ. ಸರ್ಟಿಫಿಕೇಟು ತಂದವನಿಗೆ ಆ ಕೆಲಸ ಎಂದು ಸರಪಂಚ ಎಲ್ಲರೆದುರು ಹೇಳಿಯಾಗಿತ್ತು. ಮಾಮಾ ಅದನ್ನು ನಂಬಿ ಕುರಿ ಹಿಂಡನ್ನು ತಮ್ಮನಿಗೆ ವಹಿಸಿ, ಹಿರಿಯರ ಮುಂದೆ ಕುರಿ ಕಾಯುವ ಕೋಲನ್ನು ಅವನ ಕೈಗಿಟ್ಟು ಬಂದಿದ್ದರು. ಅವರ ಮನೆತನದಲ್ಲಿ ಒಮ್ಮೆ ಕೊಟ್ಟ ಕೋಲನ್ನು ತಿರುಗಿ ಕೇಳುವ ಪದ್ಧತಿ ಇರಲಿಲ್ಲ.

“ಫೇಲ್ ಆದ್ರ?” ಎಂದು ಕೇಳಿದೆ. ಅರ್ಜಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ನಾನೇ ಕೇಳಿದೆ.

“ತಮ್ಮನ ಮುಂದ ಹೋಗಿ ಕೈ ಚಾಚಬೇಕಾಗ್ತದ್ರೀ. ಅದಕ್ಕ ಫೇಲ್ ಆಗಂಗಿಲ್ಲ.”

ಜೊತೆಗೆ ಅದೇ ಊರಿನ ದರ್ಜಿಯೂ ಬಂದಿದ್ದ. ರೆಡಿಮೇಡ್ ಬಟ್ಟೆ ಬಂದ ಮೇಲೆ ಅವನ ಮಷೀನಿಗೆ ಕೆಲಸವಿರಲಿಲ್ಲ. ಮಾಮಾನಿಗೆ ಬಸ್ಸಿನಲ್ಲಿ ಜೊತೆಯಾಗಲಿ ಎಂದು ಬಂದವನು ತಾನೂ ಹೆಸರು ಬರೆಸಿದ. ಅವನ ಅಕ್ಷರ ಬಹಳ ಚೆಂದ. ಮಾಮಾನ ಅರ್ಜಿಯ ಉಳಿದ ಭಾಗವನ್ನು ಅವನಿಗೇ ಬರೆಯಲು ಕೊಟ್ಟೆ.

ಕೊನೆಯ ಖಾನೆ: ಹಿಂದಿನ ಮಾಲಕರು ಯಾರು. ಮಾಮಾ ಸ್ವಲ್ಪ ಯೋಚಿಸಿದರು.

“ಬರೀಪಾ. ಹಗಲೊತ್ತು ಕುರಿ, ಸಂಜಿಗಿ ಹೆಂಡ್ತಿ.”

೨. ಮೋಟರಿನ ಮುಖ

ಎರಡನೇ ತಿಂಗಳು ಪುಕ್ಕಟೆ ರಿಪೇರಿಯ ದಿನ ಇಟ್ಟೆವು. ನ್ಯಾಲ್ಕಲ್ ಕಡೆಯ ರೈತರು ಆಟೋ, ಜೀಪುಗಳಲ್ಲಿ ಮೋಟರು ತಂದರು. ಹತ್ತೊಂಬತ್ತು ಮೋಟರು, ಹೆಚ್ಚಿನವು ಒಂದೇ ಕಂಪನಿಯವು, ಒಂದೇ ನೀಲಿ ಬಣ್ಣ. ಬೆಳಿಗ್ಗೆ ಕೊಟ್ಟು ಹೋಗಿ ಸಂಜೆಗೆ ಬನ್ನಿ ಎಂದೆ.

ಗೊಂದಲ ಆಗಬಾರದೆಂದು ನಾನು ಕೆಲಸದ ಪಟ್ಟಿ ಮಾಡಿ ಗೋಡೆಗೆ ಹಚ್ಚಿದ್ದೆ. ಒಂದು, ಮೋಟರಿಗೆ ಮಾಲಕನ ಹೆಸರಿನ ಸ್ಟಿಕ್ಕರ್ ಅಂಟಿಸುವುದು. ಎರಡು, ಡೀಸೆಲ್ಲಿನಲ್ಲಿ ತೊಳೆಯುವುದು. ಮೂರು, ಬಿಚ್ಚುವುದು. ಹೀಗೆ ಹನ್ನೊಂದರವರೆಗೆ. ದರ್ಜಿ ಹತ್ತೊಂಬತ್ತು ಹೆಸರುಗಳನ್ನೂ ಮದುವೆ ಕಾರ್ಡಿನಂತೆ ಬರೆದ. ಅಂಟಿಸಿದೆವು. ತೊಳೆದೆವು.

ಸ್ಟಿಕ್ಕರಿನ ಅಂಟು ಡೀಸೆಲ್ಲಿನಲ್ಲಿ ಕರಗುತ್ತದೆ. ಇದು ನಾನು ಬಿ.ಎಸ್ಸಿ.ಯಲ್ಲಿ ಓದಿ ಒಳ್ಳೆಯ ಅಂಕ ಪಡೆದಿದ್ದ ವಿಷಯ. ಹತ್ತೊಂಬತ್ತು ಹೆಸರುಗಳೂ ಬೋಗುಣಿಯಲ್ಲಿ ತೇಲಿದವು. ಅಕ್ಷರ ಆಗಲೂ ಚೆಂದವೇ ಇತ್ತು.

ಸಂಜೆ ರೈತರು ಮೆಟ್ಟಿಲು ಹತ್ತುವ ಸದ್ದು ಕೇಳಿ ನಾನು ರಿಜಿಸ್ಟರು ಹಿಡಿದು ನಿಂತೆ. ಮಾಮಾ ಬಾಗಿಲಿಗೆ ಹೋದರು. ಬಂದವರ ಮುಖ ನೋಡುವುದು, ಹಿಂತಿರುಗಿ ಒಂದು ಮೋಟರು ಎತ್ತಿ ಕೊಡುವುದು. ಊರಲ್ಲಿ ಮೂರು ಮನೆಯ ಕುರಿ ಕಲೆತು ಬರುತ್ತವೆ, ಊರ ಅಗಸಿ ಬಾಗಿಲಲ್ಲಿ ನಿಂತು ಬೇರೆ ಮಾಡುವುದು ದಿನದ ಕೆಲಸ, ಇದೇನು ಮಹಾ ಎಂಬಂತೆ ಕೊಡುತ್ತಿದ್ದರು. ಯಾರೂ ತಕರಾರು ಮಾಡಲಿಲ್ಲ. ಒಬ್ಬನು ಮಾತ್ರ ಇದು ನನ್ನದಲ್ಲ, ಮೂಲೆಯಲ್ಲಿರುವ ಹೊಸದು ನನ್ನದು ಎಂದ.

ಮಾಮಾ ಕೈಯಲ್ಲಿದ್ದ ಮೋಟರನ್ನು ತಿರುಗಿಸಿ ತೋರಿಸಿದರು. “ಬಾಯಿ ಹತ್ರ ಗಾಯ ಅದ. ಮುಂಜಾನಿ ನೀ ಆಟೋದಿಂದ ಇಳಿಸಿದಾಗೇ ಇತ್ತು. ನಿಂದೇ ಇದು.”

ಅವನು ಮೋಟರು ಹೆಗಲಿಗೇರಿಸಿಕೊಂಡ.

“ನಂದೇ ರೀ. ಚೀಟಿ ಹೋಗ್ಯಾವ ಅಂದ್ರು, ಚಲೋದು ಸಿಗ್ತದೇನು ನೋಡೂಣಂತ ಅಂದೆ.”

ಆ ದಿನದ ವರದಿಯಲ್ಲಿ ನಾನು ಮಾಮಾನ ಬಗ್ಗೆ ಏನೂ ಬರೆಯಲಿಲ್ಲ. ಮುಂದಿನ ಸಲ ಬೇರೆ ಅಂಟು ತರಿಸಬೇಕು ಎಂದು ಬರೆದೆ.

೩. ತಾಂಡೂರಿನ ರೋಗಿ

ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಒಂದು ಅಂಗಳದಿಂದ ಕರೆ ಬಂತು. ಅಲ್ಲಿ ಬಂಡೆಯ ಮೇಲೆ ಸದಾ ನೀರು ಬೀಳುತ್ತಿರಬೇಕು, ಇಲ್ಲವಾದರೆ ಕೆಲಸ ನಿಲ್ಲುತ್ತದೆ. ಪಂಪು ನೀರು ಎಳೆಯುತ್ತಿಲ್ಲ ಎಂದಿದ್ದರು. ಹೊರಗಿನ ಕೆಲಸ ತೋರಿಸಿದಂತಾಗುತ್ತದೆ ಎಂದು ಮಾಮಾನನ್ನು ಕರೆದುಕೊಂಡು ಹೋದೆ.

ನಾನು ಕ್ರಮವಾಗಿ ಶುರು ಮಾಡಿದೆ. ಮೀಟರು ತೆಗೆದೆ, ಗೆರೆ ಎಳೆದ ಹಾಳೆ ತೆಗೆದೆ, ಒಂದೊಂದೇ ಅಳತೆ ಬರೆದುಕೊಂಡೆ. ಮುಕ್ಕಾಲು ಗಂಟೆ ಆಯಿತು. ಎಲ್ಲ ಸರಿಯಿತ್ತು, ನೀರು ಮಾತ್ರ ಬರುತ್ತಿರಲಿಲ್ಲ.

ಅಷ್ಟರಲ್ಲಿ ಮಾಮಾ ಪಂಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ಕಟ್ಟಿಗೆ ತುಂಡಿನ ಒಂದು ತುದಿ ಪಂಪಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಕಣ್ಣು ಮುಚ್ಚಿದ್ದರು. ಆಮೇಲೆ ಅಂಗಳದ ಮಾಲಕನನ್ನು ಕೇಳಿದರು, “ನೀರು ಕುಡಿಯೂದು ಬಿಟ್ಟು ಎಷ್ಟು ದಿನ ಆತು?”

ಐತವಾರದಿಂದ ಎಂದು ಅವನು ಹೇಳಿದ, ಪ್ರಶ್ನೆ ವಿಚಿತ್ರ ಎಂದು ಅವನಿಗೇನೂ ಅನ್ನಿಸಿದಂತಿರಲಿಲ್ಲ.

“ಶನಿವಾರ ಏನು ತಿಂದಿತ್ತು?”

ಮಾಲಕ ತಲೆ ಕೆರೆದುಕೊಂಡ. ಹೌದು, ಶನಿವಾರ ಕೆಲಸದವರು ಪೈಪನ್ನು ಅವಸರದಲ್ಲಿ ತೊಟ್ಟಿಗೆ ಬಿಡುವ ಬದಲು ಕಲ್ಲಿನ ಕೆಸರು ಹರಿಯುವ ಗುಂಡಿಗೆ ಬಿಟ್ಟಿದ್ದರು, ತಾನೇ ಬೈದು ತೆಗೆಸಿದ್ದೆ ಎಂದ.

“ಹೊಟ್ಟ್ಯಾಗ ಮಣ್ಣದ,” ಎಂದರು ಮಾಮಾ. ಬಿಚ್ಚಿದೆವು. ಒಳಗಿನ ಚಕ್ರದ ಸುತ್ತ ಬೂದು ಬಣ್ಣದ ಕಲ್ಲುಕೆಸರು ಇಟ್ಟಿಗೆಯಂತೆ ಕೂತಿತ್ತು. ತೆಗೆದು ತೊಳೆದು ಕೂಡಿಸಿದ್ದೇ ನೀರು ಧೋ ಎಂದು ಬಂತು.

ಮಾಲಕ ಚಹಾ ತರಿಸಿದ. ಮೊದಲ ಕಪ್ಪನ್ನು ಮಾಮಾನಿಗೆ ಕೊಟ್ಟು, ಇನ್ನೂ ಹಾಳೆ ಹಿಡಿದು ನಿಂತಿದ್ದ ನನ್ನ ಕಡೆ ಗದ್ದ ಎತ್ತಿ ಕೇಳಿದ:

“ಡಾಕ್ಟರ್ ಸಾಬ್ ಹೇಳಿದ್ರು, ರೋಗ ಹೋಯ್ತು. ಈ ಕಂಪೌಂಡರ್ ಇನ್ನಾ ಏನು ಬರ್ಕೊಳ್ಳಾಕತ್ತಾನ?”

ಆಗ ನಾನೂ ನಕ್ಕೆ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಮಾಮಾನಿಗೆ ಮೂರು ನಿಯಮ ಹೇಳಿದೆ. ಪರೀಕ್ಷೆ ನಡೆಸಲು ಪಟ್ಟಣದಿಂದ ಸಾಹೇಬರು ಬರುತ್ತಾರೆ, ಅವರ ಮುಂದೆ ಕಟ್ಟಿಗೆ ಕಿವಿಗಿಡಬಾರದು. ಏನು ತಿಂದಿತ್ತು, ಏನು ಕುಡಿದಿತ್ತು ಎಂದು ಕೇಳಬಾರದು. ಸ್ವಂತ ಬುದ್ಧಿ ಓಡಿಸಬಾರದು, ನಾನು ಕಲಿಸಿದ ಹಾಗೇ ಹೇಳಬೇಕು, ಬರೆಯಬೇಕು. ಮಾಮಾ ಒಂದೊಂದಕ್ಕೂ ತಲೆಯಾಡಿಸಿದರು. ಕಲಿಯುವುದರಲ್ಲಿ ಅವರಷ್ಟು ವಿಧೇಯರು ಇರಲಿಲ್ಲ.

೪. ಬಾಯಿಪಾಠ

ಪರೀಕ್ಷೆಗೆ ಇಪ್ಪತ್ತು ದಿನ ಇತ್ತು. ಪರೀಕ್ಷೆಯಲ್ಲಿ ಕೇಳುವ ನಲವತ್ತೆರಡು ಪ್ರಶ್ನೆ, ನಲವತ್ತೆರಡು ಉತ್ತರ ತೆಲುಗಿನಲ್ಲಿ ಬರೆದೆ; ಪರೀಕ್ಷೆ ತೆಲುಗಿನಲ್ಲೇ. ಅಳತೆ ತುಂಬುವುದು ಹೇಗೆ ಎಂದು ತೋರಿಸಲು ಒಂದು ಮಾದರಿ ಹಾಳೆಯನ್ನೂ ತುಂಬಿ ಕೊಟ್ಟೆ. ದರ್ಜಿ ಓದಿ ಹೇಳುವುದು, ಮಾಮಾ ಕೇಳಿ ಕಲಿಯುವುದು. ಕೂತರೆ ಮಾಮಾನಿಗೆ ತಲೆಗೆ ಹತ್ತುತ್ತಿರಲಿಲ್ಲ. ಮಾಳಿಗೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತ ಕಲಿತರು. ದರ್ಜಿಯೂ ಹಾಳೆ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದ. ಕೆಳಗಿನ ಟೈರ್ ಅಂಗಡಿಯವನು ಮೇಲೆ ಏನು ಮೇಯಿಸುತ್ತಿದ್ದೀರಿ ಎಂದು ಕೇಳಿದ.

ಒಂದು ದಿನ ಮಾಮಾನ ಹೆಂಡತಿ ನನಗೆ ಫೋನು ಮಾಡಿದರು. ನಮ್ಮವರಿಗೆ ಏನು ಮಾಡಿದ್ದೀರಿ, ಎತ್ತಿಗೆ ಹುಷಾರಿಲ್ಲ ಎಂದರೆ ‘ಮೊದಲು ರಬ್ಬರಿನ ಕೈಗವಸು ಧರಿಸಬೇಕು’ ಎನ್ನುತ್ತಾರೆ ಎಂದರು. ಒಂಬತ್ತನೇ ಉತ್ತರ ಅದು. ನನಗೆ ಹೆಮ್ಮೆಯಾಯಿತು.

ಎರಡು ವಾರದಲ್ಲಿ ನಲವತ್ತೆರಡೂ ಬಂದವು. ಒಂದಕ್ಷರ ತಪ್ಪಿಲ್ಲ. ನಾನು ಪರೀಕ್ಷಿಸೋಣವೆಂದು ಮೂವತ್ತನೇ ಪ್ರಶ್ನೆ ಕೇಳಿದೆ. ಮಾಮಾ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ನಿಂತರು. ಒಂದು ನಿಮಿಷ, ಎರಡು ನಿಮಿಷ. ಬರುವುದಿಲ್ಲವೇ ಎಂದೆ.

“ಬರ್ತದ್ರೀ, ನಿಂದರ್ರಿ. ಹದಿನೆಂಟನೇದು ಈಗ ದಾಟ್ಯದ. ಮೂವತ್ತನೇದು ಇನ್ನಾ ಹಿಂದ ಬರಾಕತ್ತದ.”

೫. ನಾರಾಯಣಖೇಡದ ಪರೀಕ್ಷೆ

ಪರೀಕ್ಷೆ ನಾರಾಯಣಖೇಡದ ಒಂದು ಫಂಕ್ಷನ್ ಹಾಲಿನಲ್ಲಿ. ಪಟ್ಟಣದಿಂದ ಬಂದ ಸಾಹೇಬರು ಬಾಯಿಮಾತಿನ ಪ್ರಶ್ನೆಗಳನ್ನು ಕ್ರಮವಾಗಿಯೇ ಕೇಳಿದರು. ಅದು ದೇವರ ದಯೆ. ಮಾಮಾ ತೆಲುಗಿನಲ್ಲಿ ತಡವರಿಸದೆ ಹೇಳಿದರಂತೆ. ಸಾಹೇಬರು ಹೊರಗೆ ಬಂದು, ಚೆನ್ನಾಗಿ ತಯಾರು ಮಾಡಿದ್ದೀರಿ ಎಂದು ನನ್ನನ್ನೇ ಹೊಗಳಿದರು.

ಮಧ್ಯಾಹ್ನ ಕೈಕೆಲಸದ ಪರೀಕ್ಷೆ. ಒಬ್ಬೊಬ್ಬರನ್ನೇ ಒಳಗೆ ಕರೆದು, ಬೋರ್ಡಿಗೆ ಜೋಡಿಸಿದ ಒಂದು ಮೋಟರು ತೋರಿಸಿ, ಅಳೆದು ಹಾಳೆ ತುಂಬಲು ಹೇಳಿದರು. ನಮಗೆ ಆಮೇಲೆ ತಿಳಿದದ್ದು: ಸಾಹೇಬರು ಬೋರ್ಡಿನ ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಂಡಿದ್ದರು. ಕರೆಂಟೇ ಇರಲಿಲ್ಲ. ನಿಜವಾಗಿ ಅಳೆಯುತ್ತಾರೋ ಸುಮ್ಮನೆ ಬರೆಯುತ್ತಾರೋ ಎಂದು ನೋಡುವ ಉಪಾಯ.

ಸಂಜೆ ಸಾಹೇಬರು ನನ್ನನ್ನು ಒಳಗೆ ಕರೆದು ಎರಡು ಹಾಳೆ ಮುಂದಿಟ್ಟರು.

ಮೊದಲನೆಯದು ಮಾಮಾನದು. ಎಲ್ಲ ಖಾನೆಗಳೂ ತುಂಬಿದ್ದವು. ವೋಲ್ಟೇಜು, ಕರೆಂಟು, ವೇಗ. ಕೆಳಗೆ ‘ಮೋಟರು ಉತ್ತಮ ಸ್ಥಿತಿಯಲ್ಲಿದೆ’. ಒಂದೊಂದು ಅಂಕಿಯೂ ನಾನು ಕೊಟ್ಟಿದ್ದ ಮಾದರಿ ಹಾಳೆಯದು. ಬಾಯಿಪಾಠ ಮಾಡಿ ಬರೆದಿದ್ದರು. ಕರೆಂಟಿಲ್ಲದ ಮೋಟರಿಗೆ ಪೂರ್ಣ ಆರೋಗ್ಯದ ವರದಿ. ಫೇಲ್.

ಎರಡನೆಯದು ದರ್ಜಿಯದು. ಎಲ್ಲ ಖಾನೆಯಲ್ಲೂ ಸೊನ್ನೆ, ಎಷ್ಟು ದುಂಡಗೆ ಎಂದರೆ ಕಾಜಾ ಹೊಲಿದಂತೆ. ಒಬ್ಬನೇ ಒಬ್ಬ ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾನೆ ಎಂದು ಸಾಹೇಬರು ಮೆಚ್ಚಿ ಹೆಚ್ಚು ಅಂಕ ಕೊಟ್ಟಿದ್ದರು. ಹೊರಗೆ ಬಂದು ದರ್ಜಿಯನ್ನು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವನು ನಾಚಿಕೊಂಡ. ಮೀಟರಿನ ಗುಂಡಿ ಎತ್ತ ತಿರುಗಿಸಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಮುಳ್ಳು ಅಲ್ಲಾಡಲಿಲ್ಲ, ಸೊನ್ನೆ ಬರೆದ. ಮೂರು ತಿಂಗಳೂ ನಾನು ಅವನ ಕೈಗೆ ಮೀಟರು ಕೊಟ್ಟದ್ದು ಕಡಿಮೆ, ಚೀಟಿ ಬರೆಸಿದ್ದೇ ಹೆಚ್ಚು.

ಮಾಮಾ ಹಾಲಿನ ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತಿದ್ದರು. ಫಲಿತಾಂಶ ಹೇಳಿದೆ. ನನಗೆ ತಡೆಯಲಾಗದೆ, ಮೋಟರಿಗೆ ಕರೆಂಟು ಬರುತ್ತಿಲ್ಲ ಎಂದು ನಿಮಗೆ ತಿಳಿಯಲಿಲ್ಲವೇ ಎಂದು ಕೇಳಿದೆ.

“ತಿಳೀತ್ರೀ. ಬಾಗಲದಾಗ ನಿಂತಾಗೇ ತಿಳೀತು. ಉಸುರೇ ಇದ್ದಿಲ್ಲ ಅದಕ್ಕ. ಸಾಹೇಬರ ಕೈ ಘಳಿಗಿಗೊಮ್ಮಿ ಜೇಬಿಗಿ ಹೋಗಾಕತ್ತಿತ್ತು. ಫ್ಯೂಸು ಅಲ್ಲೇ ಅದ ಅಂತನೂ ತಿಳೀತು.”

“ಮತ್ತೆ ಹೇಳಬಾರದಿತ್ತೇನು ಮಾಮಾ?”

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಪಾಠ ಮರೆತ ಹುಡುಗನನ್ನು ನೋಡುವ ಹಾಗೆ ನೋಡಿದರು.

“ಸ್ವಂತ ಬುದ್ಧಿ ಓಡಿಸಬ್ಯಾಡ ಅಂದೋರು ನೀವೇ ಅಲ್ಲೇನ್ರಿ? ನನ್ನಿಂದೇನೂ ತಪ್ಪಾಗಿಲ್ಲ, ಸರ್. ನೀವು ಹೇಳಿದ್ದು ಒಂದೂ ಬಿಟ್ಟಿಲ್ಲ.”

೬. ಕಲ್ಹೇರ್ ದಾರಿ

ಆರು ತಿಂಗಳಾದ ಮೇಲೆ ಮತ್ತೊಮ್ಮೆ ಪರೀಕ್ಷೆಗೆ ಕೂಡಬಹುದು ಎಂಬ ನಿಯಮ ಇತ್ತು. ನಾನು ಮಾಮಾನ ಹೆಸರಿನ ಅರ್ಜಿ ತುಂಬಿಕೊಂಡು, ಸಹಿಯೊಂದು ಬಾಕಿ ಇಟ್ಟು, ಅವರ ಊರಿಗೆ ಹೋದೆ. ಈ ಸಲ ಬೇರೆ ರೀತಿ ಕಲಿಸಬೇಕೆಂದಿದ್ದೆ. ಹೇಗೆ ಎಂಬುದನ್ನೂ ಬರೆದುಕೊಂಡಿದ್ದೆ.

ಮೊದಲು ಸಿಕ್ಕಿದ್ದು ನೀರಿನ ಟಾಕಿ. ಪಂಪಿನ ಕೋಣೆಯಲ್ಲಿ ದರ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದ. ಗೋಡೆಗೆ ಕಟ್ಟು ಹಾಕಿದ ಸರ್ಟಿಫಿಕೇಟು. ಕೆಲಸ ಅವನಿಗೆ ಸಿಕ್ಕು ಐದು ತಿಂಗಳಾಗಿತ್ತು. ನನ್ನನ್ನು ಕಂಡು ಎದ್ದು ನಿಂತ, ನೀರು ಕೊಟ್ಟ. ಮೋಟರು ಹೇಗಿದೆ ಎಂದೆ. ಅದು ನಿಂತಾಗಲೆಲ್ಲ ಮಾಮಾನಿಗೆ ಫೋನು ಮಾಡುತ್ತೇನೆ, ಫೋನನ್ನು ಮೋಟರಿನ ಹತ್ತಿರ ಹಿಡಿಯುತ್ತೇನೆ, ಮಾಮಾ ಅಡವಿಯಿಂದಲೇ ಕೇಳಿ ಏನು ಮಾಡಬೇಕು ಹೇಳುತ್ತಾರೆ ಎಂದ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಈ ಕುರ್ಚಿ ಅವರದು, ಸರ್, ನಾನು ಬಿಡುತ್ತೇನೆ ಎಂದರೂ ಸರಪಂಚ ಕಾಗದ ಯಾರ ಹೆಸರಿಗಿದೆ ಎಂದೇ ಕೇಳುತ್ತಾನೆ ಎಂದ.

ಮಾಮಾ ಊರಾಚೆ ಸಿಕ್ಕರು. ಪ್ಲಾಟುಗಳ ಬಿಳಿ ಕಲ್ಲುಗಳ ನಡುವೆ ಕುರಿಗಳು ಹುಲ್ಲು ಹುಡುಕುತ್ತಿದ್ದವು. ಮೊಳಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು. ನನ್ನನ್ನು ನೋಡಿ ಸಂತೋಷಪಟ್ಟರು, ಮನೆಯವರ ಕ್ಷೇಮ ಕೇಳಿದರು. ಅವರ ಕೈಯಲ್ಲಿ ಕೋಲಿರಲಿಲ್ಲ. ಒಂದು ತುಂಡು ಪ್ಲಾಸ್ಟಿಕ್ ಪೈಪಿತ್ತು, ನಲ್ಲಿಗೆ ಹಾಕುವಂಥದ್ದು.

ಅರ್ಜಿ ಚೀಲದಲ್ಲಿತ್ತು. ತೆಗೆದು ತೋರಿಸಿದೆ. ಮಾಮಾ ಅದನ್ನು ಎರಡೂ ಕೈಯಿಂದ ಹಿಡಿದು ನೋಡಿ, ಮಡಿಸಿ, ನನಗೇ ಕೊಟ್ಟರು. ಪಾಸಾದರೂ ಈಗ ಊರಲ್ಲಿ ಕೆಲಸ ಎಲ್ಲಿದೆ, ಒಂದು ಟಾಕಿಗೆ ಒಬ್ಬನೇ ಮನುಷ್ಯ, ದರ್ಜಿಗೂ ಮಕ್ಕಳಿದ್ದಾರೆ ಎಂದರು. ನಾನು ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಬಸ್ಸಿನಲ್ಲಿ ಎರಡು ಸಲ ಹೇಳಿ ನೋಡಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆಯೇ ಪ್ರಶ್ನೆ. ಕಡೆಗೆ ತಮ್ಮನ ಮುಂದೆ ಹೋಗಿ ಕೋಲು ಕೇಳಿದಿರಾ ಎಂದೆ.

“ಹೋದ ತಿಂಗಳು ಕೇಳ್ದೆ ರೀ. ಹಿರೇರು ಕುಂತಿದ್ರು, ಎಲ್ಲರ ಮುಂದೇ ಕೇಳ್ದೆ.”

“ಏನಂದ?”

ಮಾಮಾ ಪೈಪಿನಿಂದ ಒಂದು ಕುರಿಯನ್ನು ಕಲ್ಲಿನ ಆಚೆಗೆ ತಿರುಗಿಸಿದರು. ಅವರಿಗೂ ನಗು ಬಂತು. ಅದನ್ನು ನೋಡಿ ನನಗೂ ಬಂತು. ಆದರೆ ನಮ್ಮಿಬ್ಬರಲ್ಲಿ ಯಾರಿಗೂ ಅದನ್ನು ಬಹಳ ಹೊತ್ತು ಉಳಿಸಿಕೊಳ್ಳಲಾಗಲಿಲ್ಲ.

“ಕುರಿ ಬಿಟ್ಟು ಬ್ಯಾರೆ ಕಸುಬಿಗಿ ಹೋಗಿ ಬಂದೀದಿ, ಕೈ ತಪ್ಪಿರತದ ಅಂದ. ಮೊದಲು ಮೂರು ತಿಂಗಳು ಟ್ರೈನಿಂಗ್ ಆಗಲಿ, ಆಮ್ಯಾಲ ಕೋಲಿನ ಮಾತು ಅಂದಾನ.”